ಫೋರ್ಟ್ ಮ್ಯಾಕ್‌ಮರ್ರಿ ಆಯಿಲ್ ಸ್ಯಾಂಡ್ಸ್ ಕೆಲಸ: ಊರಲ್ಲಿ ಮನೆ ಮಾಡೋದಾ, ಕ್ಯಾಂಪಾ? ಅನುಭವ ಇದ್ದವರು ಹೇಳಿ

ಸಂಡೂರು ಮೈನ್ಸ್: ಎಲ್ಲರಿಗೂ ನಮಸ್ಕಾರ. ಸಂಡೂರು ಕಡೆ ಕಬ್ಬಿಣದ ಅದಿರಿನ ಗಣಿಯಲ್ಲಿ ಮೆಂಟೆನೆನ್ಸ್ ಪ್ಲಾನರ್ ಆಗಿದ್ದೆ. ಕೆನಡಾದ ಪಿಆರ್ (ಕಾಯಂ ವಾಸದ ಪರವಾನಗಿ) ಸಿಕ್ಕು ಈಗ ಆಲ್ಬರ್ಟಾ ಪ್ರಾಂತ್ಯದ ಎಡ್ಮಂಟನ್‌ನಲ್ಲಿದ್ದೇನೆ. ಉತ್ತರದ ಅಥಾಬಾಸ್ಕಾ ಪ್ರದೇಶದ ಒಂದು ಆಯಿಲ್ ಸ್ಯಾಂಡ್ಸ್ (ಎಣ್ಣೆ ಬೆರೆತ ಮರಳು) ಗಣಿಯಿಂದ ಆಫರ್ ಬಂದಿದೆ. ಗಣಿ ಕಡೆಯ ಊರು ಫೋರ್ಟ್ ಮ್ಯಾಕ್‌ನಲ್ಲೇ ಮನೆ ಮಾಡಿದರೆ ಅಲೊವೆನ್ಸ್ ಕೊಡುತ್ತಾರೆ. ಇಲ್ಲದಿದ್ದರೆ ಎಡ್ಮಂಟನ್‌ನಿಂದ ವಿಮಾನ, 14 ದಿನ ಗಣಿ ಕಡೆಯ ಕಂಪನಿ ಕ್ಯಾಂಪ್, 7 ದಿನ ಮನೆ. ಜೊತೆಗೆ ಹೆಂಡತಿ, ನಾಲ್ಕು ವರ್ಷದ ಮಗಳು. ಮಗಳಿಗೆ ಆಸ್ತಮಾ ಇದೆ. ಯಾವುದು ವಾಸಿ?

ಹಳೇ ಟಿಂಬರ್ಲಿ: ಅಲ್ಲಿ ಮನೆ ಅನ್ನೋ ಮಾತೇ ಎತ್ತಬೇಡಿ ಸರ್. 2013ರಲ್ಲಿ ಅಲ್ಲಿನ ಟಿಂಬರ್ಲಿ ಬಡಾವಣೆಯಲ್ಲಿ ತಗೊಂಡೆ, 7 ಲಕ್ಷ 35 ಸಾವಿರ ಡಾಲರ್. ಆಗ ಎಣ್ಣೆ ಬ್ಯಾರಲ್‌ಗೆ ನೂರರ ಆಸುಪಾಸು. ಬ್ಯಾಂಕಿನವರೇ ಕರೆದು ಸಾಲ ಕೊಡುತ್ತಿದ್ದರು. ಬೇಸ್‌ಮೆಂಟ್‌ನಿಂದ ತಿಂಗಳಿಗೆ 1,800 ಬಾಡಿಗೆ. 2014ರ ಕೊನೆಗೆ ಎಣ್ಣೆ ಬೆಲೆ ಬಿತ್ತು. ಬಾಡಿಗೆಯವನು ಕೆಲಸ ಕಳೆದುಕೊಂಡು ನ್ಯೂಫೌಂಡ್‌ಲ್ಯಾಂಡಿಗೆ ವಾಪಸ್ ಹೋದ, ಕೊನೆಯ ಬಾಡಿಗೆಗೆ ನಾಮ ಹಾಕಿ.

ಆಮೇಲೆ 2016ರ ಮೇ 3, ಕಾಡ್ಗಿಚ್ಚು. 80 ಸಾವಿರಕ್ಕೂ ಜಾಸ್ತಿ ಜನ ಊರು ಬಿಟ್ಟರು. ಇದ್ದದ್ದು ಹೆದ್ದಾರಿ 63 ಒಂದೇ. ದಕ್ಷಿಣಕ್ಕೆ ಹೋಗಲಾಗದೆ ನಾವು ಉತ್ತರದ ಕ್ಯಾಂಪಿಗೆ ಓಡಿದೆವು. ನಮ್ಮ ಮನೆ ಸುಡಲಿಲ್ಲ. ಅದೇ ತಲೆನೋವಾಯಿತು. ಸುಟ್ಟವರಿಗೆ ಪೂರ್ತಿ ಕ್ಲೇಮ್, ನಮಗೆ ಹೊಗೆ ವಾಸನೆ. ಜೂನ್‌ನಲ್ಲಿ ವಾಪಸ್ ಬಂದರೆ ಫ್ರಿಜ್ಜಿನಲ್ಲಿ ಕೊಳೆತ ಕೋಳಿ. ಬಾಗಿಲು ತೆಗೀಬೇಡಿ, ಟೇಪ್ ಸುತ್ತಿ ರಸ್ತೆ ಬದಿಗೆ ಇಡಿ ಅಂದರು. ಬೀದಿ ಉದ್ದಕ್ಕೂ ಬರೀ ಫ್ರಿಜ್ಜುಗಳು. ನಮ್ಮದರ ಬೆಲೆ 2,400. ಇನ್ಶೂರೆನ್ಸ್‌ನವನು ಹಳೇದು ಅಂತ ಕಳೆದು ಕೊಟ್ಟಿದ್ದು 1,100. ಕಾರ್ಪೆಟ್‌ಗೆ 6,800 ಕೇಳಿದರೆ "ತೊಳೆದರೆ ಸಾಕು" ಅಂದ. ಅವನ ಮನೆ ಕಾರ್ಪೆಟ್ ಆಗಿದ್ದರೆ ಗೊತ್ತಾಗುತ್ತಿತ್ತು. 2019ರಲ್ಲಿ 4 ಲಕ್ಷ 60 ಸಾವಿರಕ್ಕೆ ಮಾರಿದೆ. ಸಾಲ ಮುಂಚೆ ಮುರಿದಿದ್ದಕ್ಕೆ ಬ್ಯಾಂಕಿನ ದಂಡ 9,200. ಏಜೆಂಟು, ಲಾಯರು ಬೇರೆ.

14/7 ಗುರು: ಬೆಲೆ ನೆತ್ತಿ ಮೇಲಿದ್ದಾಗ ಕೊಂಡು ಊರನ್ನು ಬೈದರೆ ಏನು ಬಂತು ಸರ್? ನಾನು ಮೊದಲಿನಿಂದಲೂ ಕ್ಯಾಂಪ್. ರೂಮು, ಊಟ, ವಿಮಾನ ಎಲ್ಲ ಕಂಪನಿದು. ಎಡ್ಮಂಟನ್ ಮನೆಯ ಸಾಲ ಮುಗಿಸಿದೆ, ಮೈಸೂರಿನಲ್ಲಿ ಸೈಟ್ ತಗೊಂಡೆ.

ಕಷ್ಟ ಇಲ್ಲ ಅಂತಲ್ಲ. ಬಾಗಿಲಲ್ಲೇ ಬೂಟ್ ಬಿಚ್ಚಬೇಕು, ಇಲ್ಲ ನೀಲಿ ಕವರ್ ಹಾಕಬೇಕು. ಎರಡು ರೂಮಿಗೆ ಒಂದು ಬಾತ್‌ರೂಮ್, ಆಚೆ ರೂಮಿನವನು ನೈಟ್ ಶಿಫ್ಟ್. ಬೆಳಗಿನ ಜಾವ ಎದ್ದು ಬುತ್ತಿ ತುಂಬಿಕೊಳ್ಳುವ ರೂಮಿಗೆ ಹೋದರೆ ಹ್ಯಾಮ್ ಸ್ಯಾಂಡ್‌ವಿಚ್ ಬೆಟ್ಟದಷ್ಟು. ಸಸ್ಯಾಹಾರಿಗೆ ಒಣ ಬನ್ನು, ಚೀಸ್, ಸೇಬು. ಚಟ್ನಿಪುಡಿ ಡಬ್ಬಿ ಇಲ್ಲದೆ ನಾನು ವಿಮಾನ ಹತ್ತಲ್ಲ. ಕೆಟಲ್‌ನಲ್ಲಿ ನೀರು ಕಾಯಿಸಿ ರೆಡಿಮಿಕ್ಸ್ ಉಪ್ಪಿಟ್ಟು ಮಾಡಿಕೊಳ್ಳುತ್ತೇನೆ. ರೈಸ್ ಕುಕ್ಕರ್ ತರಬೇಡಿ. ನಮ್ಮ ವಿಂಗ್‌ನಲ್ಲಿ ಒಬ್ಬ ಆಂಧ್ರದವನು ಇಟ್ಟು, ಆವಿಗೆ ಅಲಾರಂ ಹೊಡೆದು, ಎಲ್ಲರೂ ಮೈನಸ್ 38ರಲ್ಲಿ ಚಪ್ಪಲಿಯಲ್ಲಿ ಹೊರಗೆ ನಿಂತಿದ್ದೆವು.

ರೆಡ್ ಸೀಲ್ ಹುಬ್ಬಳ್ಳಿ: ಎಂಜಿನಿಯರ್ ಸಾಹೇಬರ ಮಾತು ಹಿಂಗೇ ನೋಡ್ರಿ, ಮನೆ, ಸೈಟು, ಉಪ್ಪಿಟ್ಟು. ಗಣಿ ಒಳಗೆ ಏನಾಗುತ್ತದೆ ಅಂತ ಒಬ್ಬರೂ ಹೇಳಲಿಲ್ಲ. ನಾನು ಡಿಪ್ಲೊಮಾ ಮಾಡಿದವನು, ಹೆವಿ ಎಕ್ವಿಪ್‌ಮೆಂಟ್ ಟೆಕ್ನಿಷಿಯನ್. ಬಂದ ಹೊಸದರಲ್ಲಿ ಅಪ್ರೆಂಟಿಸ್ ಆಗಿ ಮತ್ತೆ ಸೊನ್ನೆಯಿಂದ ಶುರು. ಸ್ವಂತ ಟೂಲ್ಸ್‌ಗೇ 18 ಸಾವಿರ ಡಾಲರ್ ಸುರಿದೆ. ಅದರಲ್ಲಿ ಟಾರ್ಕ್ ರೆಂಚ್ ಒಂದನ್ನು ಯಾರೋ ಎತ್ತಿಕೊಂಡು ಹೋದರು, 900 ಡಾಲರಿನದು. ಇವತ್ತಿಗೂ ಹೊಟ್ಟೆ ಉರಿಯುತ್ತದೆ.

ಇಲ್ಲಿ ಚಳಿಗಾಲದಲ್ಲಿ ಮರಳು ಕಾಂಕ್ರೀಟ್ ಆಗುತ್ತದೆ. ಮರಳು ತೋಡುವ ಶೊವೆಲ್ ಯಂತ್ರದ ಹಲ್ಲು ಮುರಿದು ಟ್ರಕ್ಕಿಗೆ ಬಿದ್ದು, ಅಲ್ಲಿಂದ ಕ್ರಷರ್‌ಗೆ ಹೋದರೆ ಪ್ಲಾಂಟೇ ನಿಂತಿತು. ಬೇಸಿಗೆಯಲ್ಲಿ ಅದೇ ಮರಳು ಬೆಲ್ಲದ ಪಾಕದ ಹಾಗೆ ಅಂಟುತ್ತದೆ, ಹಾದಿ ಕುಸಿಯುತ್ತದೆ, 400 ಟನ್ ಹೊರುವ 797 ಟ್ರಕ್ ಹೂತುಹೋಗುತ್ತದೆ. ಒಂದು ಬ್ಯಾರಲ್ ಎಣ್ಣೆಗೆ ಹತ್ತಿರ ಹತ್ತಿರ ಎರಡು ಟನ್ ಮರಳು ತೋಡಬೇಕು, ನಮಗೆ ಪುರುಸೊತ್ತು ಎಲ್ಲಿ? ರಿಪೇರಿಗೆ ಪ್ಲಾಂಟ್ ನಿಲ್ಲಿಸುವ ಶಟ್‌ಡೌನ್ ಬಂದರೆ ನನಗೆ ಡಬಲ್ ಓವರ್‌ಟೈಮ್. ನಮ್ಮ ಸೈಟ್‌ನ ಪ್ಲಾನರ್‌ಗೆ ಪಿಜ್ಜಾ.

ಕ್ಯಾಲ್ಗರಿ ಕಾಫಿ: ಪಿಜ್ಜಾ ತಿನ್ನುವವರು ಪ್ಲಾನ್ ಮಾಡದಿದ್ದರೆ ನಿಮ್ಮ ಬಿಡಿಭಾಗ ಆಕಾಶದಿಂದ ಬೀಳುತ್ತಾ? ಗಣಿ ಒಂದನ್ನೇ ಹಿಡಿದು ಕೂರೋದು ದಡ್ಡತನ. ಆಲ್ಬರ್ಟಾದ ಬಿಟುಮೆನ್‌ನಲ್ಲಿ (ಮರಳಿನಲ್ಲಿರುವ ಮಂದ ಎಣ್ಣೆ) ತೋಡಿ ತೆಗೆಯಬಹುದಾದದ್ದು ಐದರಲ್ಲೊಂದು ಪಾಲು. ಉಳಿದದ್ದಕ್ಕೆ ನೆಲದೊಳಗೆ ಆವಿ ಬಿಡಬೇಕು, ಅದೇ ಸ್ಯಾಗ್‌ಡಿ. ನಾನು ಆ ಕಡೆಯವನು. ಅಪೆಗಾದಲ್ಲಿ (ಆಲ್ಬರ್ಟಾದ ಎಂಜಿನಿಯರುಗಳ ಸಂಸ್ಥೆ) ಪಿ.ಎಂಜ್., ಅಂದರೆ ಎಂಜಿನಿಯರ್ ಲೈಸೆನ್ಸ್, ಮಾಡಿಸಲು ಪಟ್ಟ ಪಾಡು ನನಗೇ ಗೊತ್ತು. ಅಂಕಪಟ್ಟಿ ತರಿಸಲು ಊರಿನ ವಿಶ್ವವಿದ್ಯಾಲಯಕ್ಕೆ ಅಣ್ಣನನ್ನು ಅಲೆಸಿದೆ. ಕವರ್ ಮೇಲೆ ಸೀಲ್ ಸರಿ ಇಲ್ಲ ಅಂತ ಇಲ್ಲಿನವರು ತಿರಸ್ಕರಿಸಿದರು. ಮತ್ತೆ ಫೀಸು, ಮತ್ತೆ ಕೊರಿಯರ್. ಪಿ.ಎಂಜ್. ಬಂತು, 2020ರ ಏಪ್ರಿಲ್‌ನಲ್ಲಿ ಎಣ್ಣೆ ಬೆಲೆ ಸೊನ್ನೆಗಿಂತ ಕೆಳಗೆ ಹೋಯಿತು, ನನ್ನ ಕೆಲಸವೂ ಹೋಯಿತು. ವಿಡಿಯೊ ಕಾಲ್‌ನಲ್ಲಿ ಹತ್ತೇ ನಿಮಿಷ. ಈಗ ನೀರು ಸರಬರಾಜು ಕಡೆ ಇದ್ದೇನೆ. ಸಂಬಳ ಕಡಿಮೆ, ನಿದ್ದೆ ಬರುತ್ತದೆ.

ರೆಡ್ ಸೀಲ್ ಹುಬ್ಬಳ್ಳಿ: ಆವಿ ಬಿಟ್ಟವರ ಕೆಲಸ ಹೋಯಿತು, ಪಾನಾ ಹಿಡಿದವರದು ಉಳಿಯಿತು. ಲೆಕ್ಕ ಸರಿ ಇದೆ.

ಕ್ಯಾಲ್ಗರಿ ಕಾಫಿ: 2018ರಲ್ಲೇ ಸನ್‌ಕೋರ್ ಕಂಪನಿ 150ಕ್ಕೂ ಜಾಸ್ತಿ ಡ್ರೈವರ್ ಇಲ್ಲದ ಟ್ರಕ್ ತರುತ್ತೇವೆ, ಸುಮಾರು 400 ಕೆಲಸ ಹೋಗುತ್ತದೆ ಅಂದಿತ್ತು. ನಿಮ್ಮ ಪಾನಾದ ಸರದಿಯೂ ಬರುತ್ತದೆ ಸ್ವಾಮಿ.

ರೆಡ್ ಸೀಲ್ ಹುಬ್ಬಳ್ಳಿ: ಡ್ರೈವರ್ ಇಲ್ಲದ ಟ್ರಕ್ ತನ್ನ ಟೈರ್ ತಾನೇ ಬಿಚ್ಚಿ ಹಾಕಿಕೊಳ್ಳುತ್ತಾ? ಅವತ್ತು ನನಗೆ ಹೇಳಿ ಕಳಿಸಿ.

ಬೋ ನದಿ: ಎಲ್ಲರೂ ದುಡ್ಡಿನದೇ ಮಾತಾಡುತ್ತಿದ್ದೀರಿ. 2008ರಲ್ಲಿ ಸಿಂಕ್ರೂಡ್ ಕಂಪನಿಯ ಟೇಲಿಂಗ್ಸ್ (ಗಣಿಯ ಕೊಳಕು ನೀರಿನ) ಕೊಳದಲ್ಲಿ ಇಳಿದು 1,600 ಬಾತುಕೋಳಿ ಸತ್ತವು. 30 ಲಕ್ಷ ಡಾಲರ್ ದಂಡ. ಕೆರ್ಲ್ ಗಣಿಯಲ್ಲಿ 2022ರಲ್ಲೇ ಸೋರಿಕೆ ಕಂಡಿತ್ತು, 2023ರ ಶುರುವಿನಲ್ಲಿ ಮತ್ತೆ 53 ಲಕ್ಷ ಲೀಟರ್ ಕೊಳಕು ನೀರು ಹೊರಚೆಲ್ಲಿತು. ನದಿಯ ಕೆಳಗಡೆ ಇರುವ ಫೋರ್ಟ್ ಚಿಪೆವಾಯನ್‌ನ ಮೂಲನಿವಾಸಿಗಳಿಗೆ ತಿಂಗಳುಗಟ್ಟಲೆ ಸರಿಯಾಗಿ ತಿಳಿಸಲೇ ಇಲ್ಲ. ಅದೇ ನದಿ, ಅದೇ ಮೀನು ನಂಬಿದ ಜನ. ಇದಕ್ಕೆ ಉಪ್ಪಿಟ್ಟಿನ ಕಥೆಯಾ?

14/7 ಗುರು: ಉಪ್ಪಿಟ್ಟು ನಿಮಗೇನು ಮಾಡಿತು ಮೇಡಂ? ನಿಮ್ಮ ಕಾರು ಗಂಜಿ ಕುಡಿದು ಓಡುತ್ತಾ?

ಬೋ ನದಿ: ನಾನು ಬಸ್ಸಿನಲ್ಲಿ ಓಡಾಡೋದು. ಬಳ್ಳಾರಿಯಲ್ಲಿ ಕೆಂಪು ಧೂಳು ಕುಡಿದು, 2011ರಲ್ಲಿ ಸುಪ್ರೀಂ ಕೋರ್ಟ್ ಗಣಿ ನಿಲ್ಲಿಸಿದ್ದನ್ನು ಕಣ್ಣಾರೆ ಕಂಡವಳು. ನನಗೆ ಹೇಳಬೇಡಿ.

ಸಂಡೂರು ಮೈನ್ಸ್: ಸರ್, ಮೇಡಂ, ಎಲ್ಲರಿಗೂ ಥ್ಯಾಂಕ್ಸ್. ಮಗಳ ಆಸ್ತಮಾ ಬಗ್ಗೆ ಯಾರಾದರೂ…

ಎಡ್ಮಂಟನ್ ಅಮ್ಮ: ನಾನು ಹೇಳುತ್ತೇನೆ. ಹೊಗೆ ಎರಡು ಕಡೆಯೂ ಇದೆ. 2023ರ ಬೇಸಿಗೆಯಲ್ಲಿ ಎಡ್ಮಂಟನ್ ಆಕಾಶವೇ ಕಿತ್ತಳೆ. ಆದರೆ ಅಲ್ಲಿ ಊರೇ ಬಿಡಬೇಕಾಗಿ ಬರುತ್ತದೆ. 2024ರ ಮೇನಲ್ಲೂ ಫೋರ್ಟ್ ಮ್ಯಾಕ್‌ನ ನಾಲ್ಕು ಬಡಾವಣೆ ಖಾಲಿ ಮಾಡಿಸಿದರು. ಸ್ಪೆಷಲಿಸ್ಟ್ ಬೇಕಾದರೆ 435 ಕಿಲೋಮೀಟರ್ ಎಡ್ಮಂಟನ್‌ಗೇ ಬರಬೇಕು. ಹಾಗಂತ ಕ್ಯಾಂಪ್ ಸ್ವರ್ಗ ಅಂದುಕೊಳ್ಳಬೇಡಿ. ನಮ್ಮನೆಯವರು 14/7 ಮಾಡಿದವರು. ಮನೆ ಬಿಸಿ ಮಾಡುವ ಫರ್ನೇಸ್ ಕೆಟ್ಟಾಗ ಅವರು ಸೈಟ್‌ನಲ್ಲಿ. ರಾತ್ರಿ ಬಂದ ಪ್ಲಂಬರ್ 640 ತಗೊಂಡು ನಾಳೆ ಪಾರ್ಟ್ ತರ್ತೀನಿ ಅಂದ. ಮಗೂನ ಜಾಕೆಟ್ ಹಾಕಿಯೇ ಮಲಗಿಸಿದೆ. 7 ದಿನ ಮನೆ ಅಂದರಲ್ಲ, ಎರಡು ದಿನ ಬರೀ ನಿದ್ದೆ, ಕೊನೆಯ ದಿನ ಬ್ಯಾಗು. ಮೈಸೂರಿನಲ್ಲಿ ಸೈಟ್ ತಗೊಂಡೆ ಅನ್ನುವವರ ಹೆಂಡತಿಯನ್ನೂ ಒಂದು ಮಾತು ಕೇಳಿ.

14/7 ಗುರು: ನಮ್ಮ ಮನೆ ವಿಷಯ ಇಲ್ಲಿ ಬೇಡ ಮೇಡಂ. ಅಂದ ಹಾಗೆ ಫರ್ನೇಸ್ ಪಾರ್ಟ್‌ಗೆ 640 ಅಂದರೆ ನಿಮಗೆ ಟೋಪಿ ಹಾಕಿದ್ದಾರೆ. ಇಗ್ನೈಟರ್ 80 ಡಾಲರ್.

ಎಡ್ಮಂಟನ್ ಅಮ್ಮ: ಇಗ್ನೈಟರ್ ಅಲ್ಲ, ಬ್ಲೋವರ್ ಮೋಟಾರು. ಓದಿ ಮಾತಾಡಿ.

ಹಳೇ ಟಿಂಬರ್ಲಿ: ಬ್ಲೋವರ್ ಅಂದಾಗ ನೆನಪಾಯಿತು. ಬೆಂಕಿ ಆದಮೇಲೆ ಡಕ್ಟ್ ಕ್ಲೀನ್ ಮಾಡಿಸಿದ್ದು 1,350. ಅದನ್ನೂ ಇನ್ಶೂರೆನ್ಸ್‌ನವನು ಕೊಡಲಿಲ್ಲ.