ಅಂಟಾರ್ಕ್ಟಿಕಾ ಒಳಗಡೆ ನಿಜವಾಗ್ಲೂ ಏನಿದೆ?

ಮಡಿಕೇರಿ_ಮಂಜು:
ಮೊನ್ನೆ ಕಣದಲ್ಲಿ ಕಾಫಿ ಹರಡ್ತಾ ಇದ್ವಿ, ನಮ್ ಭಾವ ಮೊಬೈಲ್ ತಂದು ವಿಡಿಯೋ ತೋರ್ಸಿದ್ರು, ಅಂಟಾರ್ಕ್ಟಿಕಾ ಮಧ್ಯದಲ್ಲಿ ಪಿರಮಿಡ್ ಇದ್ಯಂತೆ, ಐಸ್ ಅಡಿ ಬೆಚ್ಚಗಿರೋ ಊರಂತೆ, ಅದ್ಕೇ ದೇಶಗಳೆಲ್ಲ ಒಪ್ಪಂದ ಮಾಡ್ಕೊಂಡು ಯಾರನ್ನೂ ಬಿಡಲ್ವಂತೆ. ನಂಗೇನೋ ನಂಬಿಕೆ ಇಲ್ಲ, ಆದ್ರೆ ಫೋಟೋದಲ್ಲಿ ಮೂಲೆಗಳು ಉಳಿಯಲ್ಲಿ ಕೆತ್ತಿದ ಹಾಗೇ ಇವೆ ಮಾರಾಯ್ರೆ. ಗೊತ್ತಿರೋರು ಹೇಳಿ.

ಏಲಕ್ಕಿ_ಬುಟ್ಟಿ:
ಅದು ಬೆಟ್ಟ, ಎಲ್ಸ್‌ವರ್ತ್ ಪರ್ವತ ಸಾಲಿಂದು. ಬಂಡೆ ಸಂದಿಗೆ ಇಳಿದ ನೀರು ಹೆಪ್ಪುಗಟ್ಟಿ ಹಿಗ್ಗುತ್ತೆ, ಬಂಡೆ ಸೀಳುತ್ತೆ, ಇದೇ ಲಕ್ಷಾಂತರ ಸಲ ಆದ್ರೆ ಹಂಗೆ ಚೂಪಾಗುತ್ತೆ. ಒಪ್ಪಂದ 1959ರದ್ದು, ನಿಷೇಧ ಇರೋದು ಮಿಲಿಟರಿ ಚಟುವಟಿಕೆಗೆ, ಅಣು ಸ್ಫೋಟಕ್ಕೆ. ಪರ್ಮಿಟ್ಟು, ದುಡ್ಡು ಎರಡೂ ಇದ್ರೆ ದಕ್ಷಿಣ ಧ್ರುವಕ್ಕೇ ಟೂರ್ ಹೋಗ್ಬಹುದು. ನಮ್ಮ ದೇಶದ್ದೇ ಮೈತ್ರಿ, ಭಾರತಿ ಅಂತ ಎರಡು ರಿಸರ್ಚ್ ಸ್ಟೇಷನ್ ಅಲ್ಲಿ ನಡೀತಿವೆ, ಇಷ್ಟು ಜನ ಸೇರ್ಕೊಂಡು ಗುಟ್ಟು ಮುಚ್ಚಿಡೋದಾ?

ಕಕ್ಕಡ_ಮಳೆ:
ಊರಿಲ್ಲ, ಆದ್ರೆ ಕೆರೆ ಇದೆ! ರಷ್ಯಾದ ವೋಸ್ತೋಕ್ ಸ್ಟೇಷನ್ ಅಡಿಯಲ್ಲಿ ಹೆಚ್ಚುಕಮ್ಮಿ 4 ಕಿ.ಮೀ. ದಪ್ಪ ಐಸು, ಅದರಡಿ ದೊಡ್ಡ ಸರೋವರ, ಹೆಪ್ಪುಗಟ್ಟಿಲ್ಲ, ನೀರೇ. ಭೂಮಿ ಒಳಗಿನ ಶಾಖ, ಮೇಲಿನ ಐಸಿನ ಒತ್ತಡ ಎರಡೂ ಸೇರಿ ಹಂಗಾಗಿರೋದು. 2012ರಲ್ಲಿ ಡ್ರಿಲ್ ಅಲ್ಲಿಗೆ ಮುಟ್ತು. ಅದೇ ಜಾಗದಲ್ಲಿ ಮೇಲ್ಗಡೆ 1983ರಲ್ಲಿ ಮೈನಸ್ 89.2 ಡಿಗ್ರಿ, ನಾನಿಲ್ಲಿ 12 ಡಿಗ್ರಿಗೇ ಒಲೆ ಮುಂದಿಂದ ಏಳಲ್ಲ.

ಮಡಿಕೇರಿ_ಮಂಜು:
ಭಾವಂಗೆ ಓದಿ ಹೇಳ್ದೆ. ಪಿರಮಿಡ್ ವಿಷ್ಯ ಬಿಟ್ಟಾಕಿದ್ರು, ಈಗ ಆ ಕೆರೆಲಿ ಮೀನಿದ್ಯಾ ಕೇಳು ಅಂತಿದಾರೆ.