ರಾಗಿ ಕಣಜದೊಳಗೆ ಗಾಳಿ ತಾನಾಗಿ ಸುತ್ತುತ್ತದೆಯೇ?

ಪ್ರಶ್ನೆ (ಎಂ.ಟೆಕ್ ವಿದ್ಯಾರ್ಥಿ, ತುಮಕೂರು)

ನಮಸ್ಕಾರ. ರಾಗಿ ತುಂಬಿದ, 2 ಮೀಟರ್ ಎತ್ತರ ಮತ್ತು ಅಷ್ಟೇ ಅಗಲದ ತಗಡಿನ ಕಣಜವೊಂದನ್ನು ಸರಂಧ್ರ ಮಾಧ್ಯಮವೆಂದು (ಸಂದಿಗಳಲ್ಲಿ ಗಾಳಿ ಹರಿಯಬಲ್ಲ ವಸ್ತು) ಪರಿಗಣಿಸಿ, ಅದರೊಳಗಿನ ಸ್ವಾಭಾವಿಕ ಸಂವಹನವನ್ನು (ಉಷ್ಣತೆಯ ವ್ಯತ್ಯಾಸದಿಂದ ಗಾಳಿ ತಾನಾಗಿ ಸುತ್ತುವುದು) ಕಂಪ್ಯೂಟರಿನಲ್ಲಿ ಲೆಕ್ಕ ಹಾಕುತ್ತಿದ್ದೇನೆ. ತಳವನ್ನು ಮೇಲ್ಭಾಗಕ್ಕಿಂತ 10 ಡಿಗ್ರಿ ಬಿಸಿಯಾಗಿಟ್ಟರೆ ಗಾಳಿ ಕದಲುವುದೇ ಇಲ್ಲ. ಅದೇ ವ್ಯತ್ಯಾಸವನ್ನು ಎದುರುಬದುರು ಗೋಡೆಗಳಿಗೆ ಕೊಟ್ಟರೆ ನಿಧಾನವಾಗಿಯಾದರೂ ಸುತ್ತತೊಡಗುತ್ತದೆ. ದೋಷ ಪ್ರೋಗ್ರಾಮಿನಲ್ಲಿದೆಯೇ?

ಉತ್ತರ (ಉಪನ್ಯಾಸಕಿ, ಕೋಲಾರ)

ನಿಮ್ಮ ಪ್ರೋಗ್ರಾಂ ಸರಿಯಾಗಿಯೇ ಹೇಳುತ್ತಿದೆ. ತಳದ ಬಿಸಿಗಾಳಿ ಮೇಲೇರಲು ಹವಣಿಸಿದರೂ ಕಾಳುಗಳ ಸಂದಿಯ ಘರ್ಷಣೆ ಅದನ್ನು ತಡೆಯುತ್ತದೆ, ಅಷ್ಟರೊಳಗೆ ಅದರ ಶಾಖ ಸುತ್ತಲಿನ ಕಾಳುಗಳಿಗೆ ಹಂಚಿಹೋಗುತ್ತದೆ. ಹಾರ್ಟನ್ ಮತ್ತು ರೋಜರ್ಸ್ 1945ರಲ್ಲಿ, ಲ್ಯಾಪ್‌ವುಡ್ 1948ರಲ್ಲಿ ತೋರಿಸಿದಂತೆ, ಡಾರ್ಸಿ-ರೇಲಿ ಸಂಖ್ಯೆಯು (ಬಿಸಿಗಾಳಿಯ ಮೇಲೇರುವ ಒತ್ತಾಸೆ, ಅದನ್ನು ತಡೆಯುವ ಘರ್ಷಣೆ ಮತ್ತು ಶಾಖದ ಹಂಚಿಕೆಗಿಂತ ಎಷ್ಟು ಬಲವಾಗಿದೆ ಎಂಬುದರ ಅಳತೆ) ಪೈ ವರ್ಗದ ನಾಲ್ಕರಷ್ಟನ್ನು, ಅಂದರೆ ಸುಮಾರು 39.5 ಅನ್ನು, ದಾಟುವವರೆಗೆ ಶಾಖ ವಹನದಿಂದಷ್ಟೇ, ಅಂದರೆ ಗಾಳಿ ಸುತ್ತದೆಯೇ, ಸಾಗುತ್ತದೆ. ಕಾಳಿನ ವ್ಯಾಸ 1.5 ಮಿ.ಮೀ., ಸಂದಿಗಳ ಪಾಲು ಶೇ 40 ಎಂದಿಟ್ಟುಕೊಂಡು ಪರ್ಮಿಯಬಿಲಿಟಿಯನ್ನು (ರಾಶಿ ಗಾಳಿಯನ್ನು ಎಷ್ಟು ಸುಲಭವಾಗಿ ಹರಿಯಗೊಡುತ್ತದೆ ಎಂಬುದನ್ನು) ಕೊಡುವ ಕೊಜೆನಿ-ಕಾರ್ಮನ್ ಸೂತ್ರ ಹಾಕಿದರೆ ನಿಮ್ಮ ಕಣಜಕ್ಕೆ ಆ ಸಂಖ್ಯೆ ಬರುವುದು ಸುಮಾರು 1. ಪರ್ಮಿಯಬಿಲಿಟಿ ವ್ಯಾಸದ ವರ್ಗಕ್ಕೆ ಅನುಗುಣವಾಗಿರುವುದರಿಂದ, ಅದೇ ಜಾಗದಲ್ಲಿ 5 ಸೆಂ.ಮೀ. ಗಾತ್ರದ ಆಲೂಗಡ್ಡೆಯನ್ನು ರಾಶಿ ಹಾಕಿದರೆ ಸಂಖ್ಯೆ ಕೆಲವು ನೂರಕ್ಕೇರಿ, ಗಾಳಿ ಧಾರಾಳವಾಗಿ ಸುತ್ತುತ್ತದೆ.

ಪಕ್ಕದ ಗೋಡೆ ಬಿಸಿಯಾದಾಗ ಇಂಥ ಮಿತಿಯೇ ಇಲ್ಲ. ಒಂದೇ ಎತ್ತರದಲ್ಲಿ ಒಂದು ಕಡೆ ಹಗುರ, ಇನ್ನೊಂದು ಕಡೆ ಭಾರದ ಗಾಳಿಯಿದ್ದರೆ ಯಾವ ಒತ್ತಡವೂ ಅದನ್ನು ಸರಿದೂಗಿಸಿ ನಿಲ್ಲಿಸಲಾರದು.

ಉತ್ತರ (ಚಿಕ್ಕಬಳ್ಳಾಪುರ)

ಮೇಡಂ ಹೇಳಿದ್ದಕ್ಕೆ ಒಂದೆರಡು ಮಾತು ಸೇರಿಸುತ್ತೇನೆ. 39.5 ಎಂಬುದು ಮೇಲೆ ಕೆಳಗೆ ಎರಡೂ ಕಡೆ ಗಾಳಿಯಾಡದಂತೆ ಮುಚ್ಚಿದಾಗಿನ ಬೆಲೆ. ಮೇಲ್ಭಾಗ ತೆರೆದಿದ್ದರೆ ಅದು 27.1ಕ್ಕೆ ಇಳಿಯುತ್ತದೆ. ಡಾರ್ಸಿ-ರೇಲಿ ಸಂಖ್ಯೆಯ ಸೂತ್ರದಲ್ಲಿ ಶಾಖವಾಹಕತೆ ಇಡೀ ರಾಶಿಯದು, ಶಾಖಧಾರಣೆ ಗಾಳಿಯದು. ಇಲ್ಲಿ ಎಡವುವವರೇ ಹೆಚ್ಚು. ಮಿತಿಯನ್ನು ಪರೀಕ್ಷಿಸುವಾಗ ಆರಂಭದ ಉಷ್ಣತೆಯಲ್ಲಿ ಸಣ್ಣ ಏರುಪೇರು ಕೊಡಿ, ಇಲ್ಲದಿದ್ದರೆ ಆ ಸಂಖ್ಯೆ 50 ಇದ್ದರೂ ಗಾಳಿ ನಿಂತಂತೆಯೇ ಕಾಣಬಹುದು.

ಪ್ರಶ್ನೆ ಕೇಳಿದವರು

ಇಬ್ಬರಿಗೂ ಧನ್ಯವಾದಗಳು. ಸಂಖ್ಯೆ 1ರಷ್ಟೇ ಇರುವಾಗ ಪಕ್ಕದಿಂದ ಹುಟ್ಟುವ ಹರಿವನ್ನು ಕೈಬಿಡಬಹುದೇ?

ಉತ್ತರ (ಉಪನ್ಯಾಸಕಿ, ಕೋಲಾರ)

ಶಾಖದ ಲೆಕ್ಕದಲ್ಲಿ ಕೈಬಿಡಬಹುದು, ತೇವಾಂಶದ ಲೆಕ್ಕದಲ್ಲಿ ಖಂಡಿತ ಬೇಡ. ಗೋಡೆಯ ಬಳಿ ಗಾಳಿ ದಿನಕ್ಕೆ ಒಂದೆರಡು ಮೀಟರ್ ಸರಿದರೂ ಅದು ತಿಂಗಳುಗಟ್ಟಲೆ ನಡೆಯುತ್ತದೆ. ಚಳಿಗಾಲದಲ್ಲಿ ತಗಡು ತಣ್ಣಗಾಗಿ, ಗೋಡೆಯ ಪಕ್ಕದ ಗಾಳಿ ಕೆಳಗಿಳಿದು, ನಡುವಿನ ಬೆಚ್ಚನೆಯ ರಾಗಿಯ ಮೂಲಕ ಮೇಲೇರುವಾಗ ತೇವವನ್ನು ಹೊತ್ತೊಯ್ದು ಮೇಲಿನ ತಣ್ಣನೆಯ ಪದರಕ್ಕೆ ಬಿಡುತ್ತದೆ. ರಾಗಿ ಗಂಟು ಕಟ್ಟಿ ಮುಗ್ಗಲು ಹಿಡಿಯುವುದು ಸಾಮಾನ್ಯವಾಗಿ ಅಲ್ಲಿಯೇ, ನಡುವಿನ ಮೇಲ್ಪದರದಲ್ಲಿ. ಆದ್ದರಿಂದ ತೇವಾಂಶದ ಸಮೀಕರಣವನ್ನೂ ಸೇರಿಸಿ, ಗೋಡೆಯ ಉಷ್ಣತೆಯನ್ನು ಸ್ಥಿರವಾಗಿಡದೆ ಋತುಮಾನಕ್ಕೆ ತಕ್ಕಂತೆ ಬದಲಿಸಿ ನೋಡಿ.