ಎ6000ದಲ್ಲಿ ಬಯಲಾಟದ ಚಿತ್ರವೆಲ್ಲ ಮಸುಕು: ಬಾಡಿ ಬದಲಿಸಬೇಕೋ, ಲೆನ್ಸೋ? (ಬಜೆಟ್ 40 ಸಾವಿರ)

ತೆಂಕುತಿಟ್ಟು_ಕ್ಲಿಕ್

ಎಲ್ಲರಿಗೂ ನಮಸ್ಕಾರ. ಸೋನಿ ಎ6000, ಜತೆಗೆ ಬಂದ 16-50 ಕಿಟ್ ಲೆನ್ಸ್. ಹಗಲಲ್ಲಿ ಏನೂ ತಕರಾರಿಲ್ಲ. ರಾತ್ರಿ ಯಕ್ಷಗಾನದ ಆಟಕ್ಕೆ ಒಯ್ದರೆ ಹತ್ತರಲ್ಲಿ ಎಂಟು ಚಿತ್ರ ಮಸುಕು, ಉಳಿದೆರಡರಲ್ಲಿ ರವೆ ಚೆಲ್ಲಿದ ಹಾಗೆ ಗ್ರೇನ್. ಪುಂಡುವೇಷ ಧೀಂಗಿಣ (ಗಿರಕಿ ಹೊಡೆದು ಹಾರುವ ಕುಣಿತ) ಹಾಕುವಾಗಲಂತೂ ಬರೀ ಬಣ್ಣದ ಗೆರೆ. ಇದನ್ನು ಕೊಟ್ಟು ಮೇಲೆ 40 ಸಾವಿರ ಹಾಕಿದರೆ ಎ6400 ಬಾಡಿ ಕೊಡುತ್ತೇವೆ ಎನ್ನುತ್ತಾರೆ ಅಂಗಡಿಯವರು. ಕೈಯಲ್ಲಿರುವುದೂ ಅಷ್ಟೇ. ಮುಂದೆ ರಂಗನತಿಟ್ಟಿಗೆ ಹೋಗಿ ಹಕ್ಕಿ ತೆಗೆಯುವ ಆಸೆಯೂ ಉಂಟು. ಬಾಡಿ ಬದಲಿಸಲೇ?

ಅಪರ್ಚರ್ ಭಟ್ರು

ಸ್ವಲ್ಪ ತಡೆಯಿರಿ. ಹಾಳಾದ ಒಂದು ಚಿತ್ರ ಕ್ಯಾಮೆರಾದಲ್ಲೇ ತೆರೆದು ಡಿಸ್ಪ್ಲೇ ಬಟನ್ ಒತ್ತಿ. ಫೋಕಲ್ ಲೆಂಗ್ತ್ (ಎಷ್ಟು ಹತ್ತಿರ ಎಳೆದದ್ದು), ಅಪರ್ಚರ್ (ಲೆನ್ಸಿನ ಕಿಂಡಿ), ಶಟರ್ (ಎಷ್ಟು ಹೊತ್ತು ತೆರೆದದ್ದು), ಐಎಸ್‌ಒ (ಬೆಳಕಿಗೆ ಸೂಕ್ಷ್ಮತೆ) ನಾಲ್ಕೂ ಇಲ್ಲಿ ಹಾಕಿ. ರಂಗಸ್ಥಳದಿಂದ ಎಷ್ಟು ದೂರದಲ್ಲಿ ಕೂತಿದ್ದಿರಿ ಎಂಬುದೂ ಬೇಕು. ಇನ್ನೊಂದು ಮುಖ್ಯ: ವೇಷದ ಹಿಂದಿನ ಕಂಬ ಚೊಕ್ಕವಾಗಿ ಬಂದಿದೆಯೋ, ಅದೂ ಮಸುಕೋ?

ತೆಂಕುತಿಟ್ಟು_ಕ್ಲಿಕ್

50 ಎಂಎಂ, ಎಫ್ 5.6, 1/60, ಐಎಸ್‌ಒ 6400. ಪಿ ಮೋಡ್. ದೂರ ಅಂದಾಜು 8 ಮೀಟರ್. ಕಂಬ ಚೊಕ್ಕವಾಗಿದೆ, ವೇಷ ಮಾತ್ರ ಮಸುಕು.

ಅಪರ್ಚರ್ ಭಟ್ರು

ಹಾಗಾದರೆ ನಿಮ್ಮ ಕೈಯೂ ಸರಿ ಇದೆ, ಬಾಡಿಯೂ ಸರಿ ಇದೆ. ಕೈ ನಡುಗಿದ್ದರೆ ಕಂಬವೂ ಅಲುಗುತ್ತಿತ್ತು. ಫೋಕಸ್ ಹಿಂದೆ ಬಿದ್ದಿದ್ದರೆ ಕಂಬ ಚೊಕ್ಕ, ನಿಂತ ವೇಷವೂ ಮಸುಕು ಆಗಬೇಕಿತ್ತು. ನಿಂತು ಅರ್ಥ ಹೇಳುವಾಗಿನ ಚಿತ್ರ ಒಂದು ತೆಗೆದು ನೋಡಿ, ಅದು ಚೊಕ್ಕವಾಗಿದ್ದರೆ ಇದು ಕುಣಿತದ ಮಸುಕೇ. 1/60ರಲ್ಲಿ ಧೀಂಗಿಣ ಹಿಡಿಯಲು ಯಾವ ಬಾಡಿಯಿಂದಲೂ ಆಗದು. ಲೆನ್ಸಿನ ಸ್ಟೆಬಿಲೈಸೇಶನ್ ಕೈಯ ನಡುಕವನ್ನು ತಡೆಯುತ್ತದೆ, ಕುಣಿಯುವವರನ್ನಲ್ಲ.

ನಿಮ್ಮ ಕಿಟ್ ಲೆನ್ಸ್ 16 ಎಂಎಂನಲ್ಲಿ 3.5 ತೆರೆದರೂ 50ಕ್ಕೆ ಬರುವಾಗ 5.6ಕ್ಕೆ ಕುಗ್ಗುತ್ತದೆ (ಎಫ್ ಸಂಖ್ಯೆ ದೊಡ್ಡದಾದಷ್ಟೂ ಕಿಂಡಿ ಕಿರಿದು). ಎಫ್ 1.4 ಲೆನ್ಸ್ ಇದ್ದರೆ ನಾಲ್ಕು ಸ್ಟಾಪ್ (ಒಂದೊಂದು ಸ್ಟಾಪಿಗೂ ಬೆಳಕು ಇಮ್ಮಡಿ), ಅಂದರೆ 16 ಪಟ್ಟು ಬೆಳಕು. ಎರಡು ಸ್ಟಾಪ್ ಶಟರಿಗೆ ಕೊಡಿ, ಎರಡು ಐಎಸ್‌ಒಗೆ: 1/60 ಹೋಗಿ 1/250 ಆಯಿತು, 6400 ಹೋಗಿ 1600 ಆಯಿತು. ಅದೇ ಬಾಡಿ, ಅದೇ ದೀಪ, ಅದೇ ಕುರ್ಚಿ. ಎ6400 ತಗೊಂಡು ಇದೇ ಕಿಟ್ ಲೆನ್ಸ್ ಸಿಕ್ಕಿಸಿದರೆ ಫೋಕಸ್ ಚುರುಕಾಗುತ್ತದೆ, ಕಣ್ಣು ಹುಡುಕಿ ಹಿಂಬಾಲಿಸುತ್ತದೆ, ಆದರೆ ಶಟರ್ 1/60ರಲ್ಲೇ ಕೂತಿರುತ್ತದೆ. ಬಣ್ಣದ ವೇಷದ ಮುಖದಲ್ಲಿ ಕಣ್ಣು ಹುಡುಕುವ ವ್ಯವಸ್ಥೆ ತಬ್ಬಿಬ್ಬಾಗುವುದೂ ಉಂಟು.

ಇನ್ನು ಯಾವ ಲೆನ್ಸು. ನಿಮ್ಮ ಎ6000ದ ಎಪಿಎಸ್-ಸಿ ಸೆನ್ಸರ್ 23.5 ಎಂಎಂ ಅಗಲ, 15.6 ಎತ್ತರ. ಸೆನ್ಸರಿನ ಅಳತೆಯನ್ನು ಫೋಕಲ್ ಲೆಂಗ್ತಿನಿಂದ ಭಾಗಿಸಿ ದೂರದಿಂದ ಗುಣಿಸಿದರೆ ಚೌಕಟ್ಟಿಗೆ ಎಷ್ಟು ಜಾಗ ಹಿಡಿಯುತ್ತದೆ ಎಂದು ಗೊತ್ತಾಗುತ್ತದೆ. 8 ಮೀಟರಿನಿಂದ:

30 ಎಂಎಂ: 6.3 ಮೀಟರ್ ಅಗಲ, 4.2 ಎತ್ತರ. ರಂಗಸ್ಥಳದ ಬಹುಪಾಲು ಬರುತ್ತದೆ, ಒಂಟಿ ವೇಷ ಸಣ್ಣದಾಗುತ್ತದೆ.
50 ಎಂಎಂ: 3.8 ಅಗಲ, 2.5 ಎತ್ತರ. ಕಿರೀಟ ಸಮೇತ ಒಂದು ವೇಷ ಆರಾಮಾಗಿ ಹಿಡಿಯುತ್ತದೆ.
56 ಎಂಎಂ: 3.4 ಅಗಲ, 2.2 ಎತ್ತರ. ಕಿರೀಟ ವೇಷ ಎದ್ದು ನಿಂತರೆ ತುದಿ ಕತ್ತರಿಸುವ ಭಯ, ಕ್ಯಾಮೆರಾ ಉದ್ದಕ್ಕೆ ತಿರುಗಿಸಬೇಕು.

ನನ್ನ ಮತ ಸೋನಿ ಇ 50 ಎಂಎಂ ಎಫ್ 1.8 ಓಎಸ್‌ಎಸ್‌ಗೆ (ಓಎಸ್‌ಎಸ್ ಎಂದರೆ ಲೆನ್ಸಿನೊಳಗೇ ಸ್ಟೆಬಿಲೈಸೇಶನ್ ಇದೆ). ಸಿಗ್ಮಾ 56 ಎಫ್ 1.4 ಇದಕ್ಕಿಂತ ಮುಕ್ಕಾಲು ಸ್ಟಾಪಿನಷ್ಟು ಹೆಚ್ಚು ಬೆಳಕು ಕೊಡುತ್ತದೆ, ಚಿತ್ರವೂ ಹೆಚ್ಚು ಚೊಕ್ಕ, ಆದರೆ ಅದರಲ್ಲಿ ಸ್ಟೆಬಿಲೈಸೇಶನ್ ಇಲ್ಲ, ಎ6000 ಬಾಡಿಯಲ್ಲೂ ಇಲ್ಲ. ಆಟಕ್ಕಷ್ಟೇ ಆದರೆ 56. ಮನೆಯೊಳಗೆ ಮಕ್ಕಳು ಮರಿ ಎಂದು ನಿಧಾನ ಶಟರಿನಲ್ಲೂ ತೆಗೆಯುವುದಾದರೆ 50.

ಕೊಳ್ಳುವಾಗ ಒಂದು ಗುಂಡಿ ಇದೆ, ಬೀಳಬೇಡಿ. ಸೋನಿಯಲ್ಲಿ 50 ಎಂಎಂ 1.8 ಎರಡು ಉಂಟು. ನಿಮಗೆ ಬೇಕಾದದ್ದು ಎಸ್‌ಇಎಲ್50ಎಫ್18. ಕೊನೆಗೆ ಇನ್ನೊಂದು ಎಫ್ ಸೇರಿ ಎಸ್‌ಇಎಲ್50ಎಫ್18ಎಫ್ ಅಂತಿದ್ದರೆ ಅದು ದೊಡ್ಡ ಸೆನ್ಸರಿನ ಫುಲ್‌ಫ್ರೇಮ್ ಕ್ಯಾಮೆರಾದ್ದು: ಸ್ಟೆಬಿಲೈಸೇಶನ್ ಇಲ್ಲ, ಫೋಕಸ್ ನಿಧಾನ, ಗರಗರ ಸದ್ದು ಬೇರೆ. ಆನ್‌ಲೈನಿನಲ್ಲಿ ಎರಡರ ಚಿತ್ರವೂ ಕಪ್ಪು ಡಬ್ಬಿಯ ಹಾಗೇ ಕಾಣುತ್ತದೆ.

ಘಟ್ಟದ ಮೇಲಿನವ

ಮಧ್ಯೆ ಬಾಯಿ ಹಾಕುತ್ತಿದ್ದೇನೆ, ಕ್ಷಮಿಸಿ. ಮನೆಯಲ್ಲಿ ಹಳೆಯ ನಿಕಾನ್ 50 ಎಂಎಂ 1.8ಡಿ ಇದೆ. ನಿಕಾನ್ ಝಡ್50 ಬಾಡಿ ಮತ್ತು ಅದಕ್ಕೆ ಹಳೆಯ ಲೆನ್ಸ್ ಕೂರಿಸುವ ಎಫ್‌ಟಿಝಡ್ ಅಡಾಪ್ಟರ್ ಕೊಂಡರೆ ಲೆನ್ಸಿನ ಖರ್ಚು ಉಳಿಯುತ್ತದಲ್ಲ?

ಅಪರ್ಚರ್ ಭಟ್ರು

ಉಳಿಯುವುದಿಲ್ಲ. ಡಿ ಲೆನ್ಸಿನೊಳಗೆ ಮೋಟರ್ ಇಲ್ಲ, ಹಳೆಯ ಬಾಡಿಯ ಮೋಟರೇ ಸ್ಕ್ರೂ ತಿರುಗಿಸಿ ಅದನ್ನು ಓಡಿಸುತ್ತಿತ್ತು. ಎಫ್‌ಟಿಝಡ್‌ನಲ್ಲಿ ಆ ಮೋಟರ್ ಇಲ್ಲ, ಆದ್ದರಿಂದ ಕೈಯಲ್ಲೇ ಫೋಕಸ್ ಮಾಡಬೇಕು. ಎಎಫ್-ಎಸ್ ಅಥವಾ ಎಎಫ್-ಪಿ ಎಂದು ಬರೆದ ಲೆನ್ಸ್ ಆದರೆ ಆಟೋಫೋಕಸ್ ಬರುತ್ತದೆ. ಕ್ಯಾನನ್ನಿನವರಿಗೆ ಈ ತಾಪತ್ರಯ ಇಲ್ಲ, ಹಳೆಯ ಇಎಫ್ ಲೆನ್ಸುಗಳಲ್ಲೇ ಮೋಟರ್ ಇತ್ತು, ಆರ್ ಬಾಡಿಗೆ ಅಡಾಪ್ಟರ್ ಹಾಕಿದರೆ ಓಡುತ್ತವೆ. ಅಗ್ಗಕ್ಕೆ ಸಿಗುತ್ತದೆಂದು ಕ್ಯಾನನ್ ಎಂ50 ಕಡೆ ಮಾತ್ರ ಹೋಗಬೇಡಿ. ಅದರ ಇಎಫ್-ಎಂ ಮೌಂಟಿಗೆ (ಲೆನ್ಸ್ ಕೂರುವ ಬಾಯಿ) ಕ್ಯಾನನ್ ಹೊಸ ಲೆನ್ಸ್ ತರುತ್ತಿಲ್ಲ, ಆ ಲೆನ್ಸುಗಳನ್ನು ಮುಂದೆ ಆರ್ ಬಾಡಿಗೆ ಹಾಕಲೂ ಬರುವುದಿಲ್ಲ.

ಕಾವೇರಿ ತೀರ

ಹಕ್ಕಿಯ ವಿಷಯ. ಈ ಬಜೆಟ್ಟಿನಲ್ಲಿ ಆಟವನ್ನೂ ಹಕ್ಕಿಯನ್ನೂ ಒಂದೇ ಲೆನ್ಸಿನಲ್ಲಿ ಹಿಡಿಯಲು ಆಗದು. ಮೊದಲು 50 ಕೊಳ್ಳಿ. ಉಳಿದ ದುಡ್ಡಿಗೆ ಸೆಕೆಂಡ್‌ಹ್ಯಾಂಡ್ 55-210 ಸಿಕ್ಕರೆ ಸಾಕು. 210 ಎಂದರೆ ಫುಲ್‌ಫ್ರೇಮಿನ 315ಕ್ಕೆ ಸಮ. ರಂಗನತಿಟ್ಟಿನಲ್ಲಿ ದೋಣಿ ಗೂಡುಗಳ ಹತ್ತಿರವೇ ಹೋಗುವುದರಿಂದ ಕೂತ ಕೊಕ್ಕರೆ, ಮೊಸಳೆಗೆ ಅಷ್ಟು ನಡೆಯುತ್ತದೆ. ಹಾರುವ ಹಕ್ಕಿಗೆ, ಮಿಂಚುಳ್ಳಿಗೆ ನಡೆಯದು. ದೋಣಿಯಲ್ಲಿ ಟ್ರೈಪಾಡ್ ಇಟ್ಟು ಪ್ರಯೋಜನವಿಲ್ಲ, ಶಟರ್ 1/1000ಕ್ಕಿಂತ ಇಳಿಸಬೇಡಿ. ಹಕ್ಕಿಯೇ ಮುಖ್ಯ ಎನ್ನುವವರು ಶುರುವಿನಲ್ಲೇ ಕ್ಯಾನನ್ ಆರ್50 ಮತ್ತು ಆರ್‌ಎಫ್ 100-400 ಕಡೆ ನೋಡುವುದು ಲೇಸು. ಅದು 400ರಲ್ಲಿ ಎಫ್ 8, ಅಂದರೆ ಬಯಲಾಟಕ್ಕೆ ಪೂರ್ತಿ ನಿರುಪಯೋಗಿ.

ತೆಂಕುತಿಟ್ಟು_ಕ್ಲಿಕ್

ಅರ್ಥವಾಯಿತು ಭಟ್ರೇ. 50 ಎಂಎಂ ಓಎಸ್‌ಎಸ್ ಸೆಕೆಂಡ್‌ಹ್ಯಾಂಡ್ ಒಂದು ಸಿಗುವ ಹಾಗಿದೆ, ಕರಾವಳಿಯಲ್ಲೇ ಇದ್ದದ್ದು. ನೋಡಿಕೊಳ್ಳಬೇಕಾದದ್ದು ಏನು?

ಸಿಲಿಕಾ ಶೆಟ್ಟಿ

ಕರಾವಳಿಯ ಲೆನ್ಸ್ ಎಂದರೆ ಮೊದಲು ಬೂಷ್ಟು ನೋಡಬೇಕು. ಎರಡೂ ಮುಚ್ಚಳ ತೆಗೆದು ಹಿಂದಿನಿಂದ ಮೊಬೈಲ್ ಟಾರ್ಚ್ ಓರೆಯಾಗಿ ಹಿಡಿದು ಮುಂದಿನಿಂದ ನೋಡಿ. ಧೂಳಾದರೆ ಬಿಡಿ ಬಿಡಿ ಚುಕ್ಕಿ, ಇದ್ದರೂ ಚಿಂತೆಯಿಲ್ಲ. ಜೇಡರ ಬಲೆಯಂತೆ ಎಳೆ ಕವಲೊಡೆದಿದ್ದರೆ ಬೂಷ್ಟು, ಎಷ್ಟೇ ಅಗ್ಗವಾದರೂ ಬೇಡ, ಒಳಗಿನ ಗಾಜಿನ ಲೇಪ ತಿಂದಿರುತ್ತದೆ. ಆಮೇಲೆ ನಿಮ್ಮ ಬಾಡಿಗೆ ಹಾಕಿ ಎಫ್ 1.8ರಲ್ಲೇ ದಿನಪತ್ರಿಕೆಯನ್ನು ಗೋಡೆಗೆ ಅಂಟಿಸಿ ತೆಗೆಯಿರಿ. ನಾಲ್ಕು ಮೂಲೆಯಲ್ಲಿ ಒಂದು ಮೂಲೆ ಮಾತ್ರ ಮಸುಕಾದರೆ ಲೆನ್ಸ್ ಬಿದ್ದು ಒಳಗಿನ ಗಾಜು ಓರೆಯಾಗಿದೆ ಎಂದು ಲೆಕ್ಕ. ಪತ್ರಿಕೆಗೆ ಕ್ಯಾಮೆರಾ ನೇರ ಇರಬೇಕು, ಇಲ್ಲದಿದ್ದರೆ ಸುಮ್ಮನೆ ಲೆನ್ಸಿನ ಮೇಲೆ ಅಪವಾದ.

ತಂದ ಮೇಲೆ ಚರ್ಮದ ಚೀಲದಲ್ಲಿ ಇಡಬೇಡಿ. ಗಾಳಿಯಾಡದ ಪ್ಲಾಸ್ಟಿಕ್ ಡಬ್ಬಿ, ಒಳಗೆ ಸಿಲಿಕಾ ಜೆಲ್, ಒಂದು ಸಣ್ಣ ತೇವಮಾಪಕ. ಮುಳ್ಳು 40-50ರಲ್ಲಿ ನಿಲ್ಲಬೇಕು. ಜೆಲ್ ಬಣ್ಣ ತಿರುಗಿದರೆ ಬಿಸಿ ಮಾಡಿ ಒಣಗಿಸಿ ಮತ್ತೆ ಹಾಕಿ, ಆರಿದ ಮೇಲೆಯೇ.

ಬಡಗಿನ ಬೆಳಕು

ನನ್ನದೂ ಎ6000. 35 ಎಂಎಂ ಎಫ್ 1.4 ಮ್ಯಾನ್ಯುವಲ್ ಲೆನ್ಸ್, ಚೀನಾದ್ದು. ಹಾಕಿದರೆ ಪರದೆಯಲ್ಲಿ ಚಿತ್ರ ಕಾಣುತ್ತದೆ, ಶಟರ್ ಮಾತ್ರ ಬೀಳುವುದಿಲ್ಲ ಮಾರಾಯ್ರೆ. ಲೆನ್ಸ್ ಕೆಟ್ಟಿದೆಯಾ?

ಅಪರ್ಚರ್ ಭಟ್ರು

ಕೆಟ್ಟಿಲ್ಲ. ಆ ಲೆನ್ಸಿಗೆ ವಿದ್ಯುತ್ ಸಂಪರ್ಕವೇ ಇಲ್ಲ, ಹಾಗಾಗಿ ಲೆನ್ಸೇ ಹಾಕಿಲ್ಲ ಎಂದು ಕ್ಯಾಮೆರಾ ತಿಳಿಯುತ್ತದೆ. ಮೆನುವಿನಲ್ಲಿ ಗಿಯರ್ ಗುರುತಿನ ಪುಟಗಳಲ್ಲಿ 'ರಿಲೀಸ್ ವಿಥೌಟ್ ಲೆನ್ಸ್' ಹುಡುಕಿ ಎನೇಬಲ್ ಮಾಡಿ. ಹಾಗೆಯೇ ಪೀಕಿಂಗ್ (ಫೋಕಸ್ ಬಿದ್ದ ಅಂಚಿಗೆ ಬಣ್ಣ ಬಳಿದು ತೋರಿಸುವುದು) ಲೆವೆಲ್ ಮಿಡ್, ಬಣ್ಣ ಹಳದಿ. ಕೆಂಪು ಇಟ್ಟರೆ ವೇಷದ ಕೆಂಪಿನಲ್ಲಿ ಮುಳುಗಿ ಹೋಗುತ್ತದೆ.

ತೆಂಕುತಿಟ್ಟು_ಕ್ಲಿಕ್

50 ಎಂಎಂ ಬಂತು, ಬೂಷ್ಟು ಇಲ್ಲ. ನಿನ್ನೆಯ ಆಟದಲ್ಲಿ ಎಫ್ 1.8, 1/250, ಐಎಸ್‌ಒ 2500. ಧೀಂಗಿಣ ನಿಂತಿತು! ಈಗ ಹೊಸ ಸಮಸ್ಯೆ: ಒಂದರ ಹಿಂದೊಂದು ತೆಗೆದ ಚಿತ್ರಗಳಲ್ಲಿ ಒಂದು ಬೆಳ್ಳಗೆ, ಒಂದು ಕಪ್ಪಗೆ, ಒಂದು ಅರಿಸಿನ ಬಳಿದಂತೆ. ಎಕ್ಸ್‌ಪೋಶರ್ ಮುಟ್ಟಿಲ್ಲ.

ಅಪರ್ಚರ್ ಭಟ್ರು

ಅದು ದೀಪದ ಮಿಣುಕು. ನಮ್ಮ ಕರೆಂಟು 50 ಹರ್ಟ್ಝ್, ಅಗ್ಗದ ಎಲ್‌ಇಡಿ ಸೆಕೆಂಡಿಗೆ 100 ಸಲ ಹಿಗ್ಗಿ ಕುಗ್ಗುತ್ತದೆ. 1/250ರ ಶಟರ್‌ಗೆ ಆ ಒಂದು ಸುತ್ತಿನ ಅರ್ಧವೂ ಸಿಗುವುದಿಲ್ಲ, ಹಿಗ್ಗಿದಾಗ ತೆರೆದರೆ ಬೆಳ್ಳಗೆ, ಕುಗ್ಗಿದಾಗ ತೆರೆದರೆ ಕಪ್ಪಗೆ. 1/100 ಇಟ್ಟರೆ ಪೂರ್ತಿ ಒಂದು ಸುತ್ತು ಒಳಗೆ ಬಂದು ಎಲ್ಲ ಚಿತ್ರ ಸಮ. ಆದ್ದರಿಂದ ಅರ್ಥಗಾರಿಕೆಗೆ 1/100, ಕುಣಿತಕ್ಕೆ 1/250 ಇಟ್ಟು ಬರ್ಸ್ಟ್ (ಒಂದೇ ಸಮನೆ ತೆಗೆಯುವುದು) ಮಿಡ್‌ನಲ್ಲಿ ಐದಾರು ಹೊಡೆದು ಒಳ್ಳೆಯದನ್ನು ಇಟ್ಟುಕೊಳ್ಳಿ. ಪೂರ್ವರಂಗದಲ್ಲಿ ಕೋಡಂಗಿ ಕುಣಿಯುವಾಗಲೇ ಎರಡೂ ಪರೀಕ್ಷಿಸಿ, ಎಲ್ಲ ಮೇಳದ ದೀಪವೂ ಒಂದೇ ತರಹ ಇರುವುದಿಲ್ಲ. ಎ6400ರಂಥ ಬಾಡಿಯಲ್ಲಿ ಸೈಲೆಂಟ್ ಶಟರ್ ಹಾಕಿದರೆ ಇದೇ ರೋಗ ಒಂದೇ ಚಿತ್ರದೊಳಗೆ ಪಟ್ಟೆ ಪಟ್ಟೆಯಾಗಿ ಕಾಣಿಸುತ್ತದೆ, ಆಗ ಮೆಕ್ಯಾನಿಕಲ್‌ಗೆ ಮರಳಬೇಕು.

ಎಎಫ್ ಇಲ್ಯುಮಿನೇಟರ್ (ಫೋಕಸಿಗೆ ನೆರವಾಗುವ ದೀಪ) ಆಫ್ ಮಾಡಿದ್ದೀರಿ ತಾನೆ? ಕತ್ತಲಲ್ಲಿ ಆ ಕಿತ್ತಳೆ ದೀಪ ಕಲಾವಿದರ ಮುಖಕ್ಕೇ ಹೊಡೆಯುತ್ತದೆ.

ತೆಂಕುತಿಟ್ಟು_ಕ್ಲಿಕ್

ಮಾಡಿರಲಿಲ್ಲ, ಈಗ ಮಾಡಿದೆ. ಕೊನೆಯದೊಂದು: ವೇಷದ ಕೆಂಪು ದಗಲೆ (ಅಂಗಿ) ಪ್ಲಾಸ್ಟಿಕ್ ಹಾಳೆಯ ಹಾಗೆ ಬರುತ್ತದೆ, ನೆರಿಗೆಯೇ ಕಾಣುವುದಿಲ್ಲ.

ಅಪರ್ಚರ್ ಭಟ್ರು

ಕೆಂಪು ಚಾನೆಲ್ ತುಂಬಿ ಚೆಲ್ಲಿದೆ. ತೆಗೆಯುವಾಗ ಕಾಣುವ ಹಿಸ್ಟೋಗ್ರಾಂ (ಬೆಳಕಿನ ಹಂಚಿಕೆಯ ನಕ್ಷೆ) ಒಟ್ಟು ಬೆಳಕಿನದು, ಅದರಲ್ಲಿ ಇದು ಗೊತ್ತಾಗದು. ಪ್ಲೇಬ್ಯಾಕಿನಲ್ಲಿ ಮೂರು ಬಣ್ಣದ ಹಿಸ್ಟೋಗ್ರಾಂ ಬರುವ ಪುಟ ತೆರೆಯಿರಿ, ಕೆಂಪು ಬಲಗೋಡೆಗೆ ಒರಗಿರುತ್ತದೆ. ಅದು ಗೋಡೆ ಬಿಡುವ ತನಕ ಐಎಸ್‌ಒ ಇಳಿಸಿ, ಸಾಮಾನ್ಯವಾಗಿ ಮುಕ್ಕಾಲು ಸ್ಟಾಪ್ ಸಾಕು, ಮುಖ ತುಸು ಕಪ್ಪಾದರೂ ಆಮೇಲೆ ಎತ್ತಬಹುದು. ಕ್ವಾಲಿಟಿಯಲ್ಲಿ ರಾ (ಸೆನ್ಸರಿನ ಕಚ್ಚಾ ಮಾಹಿತಿ) ಪ್ಲಸ್ ಜೆಪೆಗ್ ಇಡಿ. ನಿನ್ನೆಯದು ಬರೀ ಜೆಪೆಗ್ ಆಗಿದ್ದರೆ ಆ ನೆರಿಗೆ ಇನ್ನು ಬರುವುದಿಲ್ಲ, ಬಿಟ್ಟುಬಿಡಿ.